ಎದುರಿನ ಕೋಲು

ಕೆಲವು ಮಾತುಗಳು ಕೇಳಿದವರನ್ನು ಬಿಟ್ಟು ಆಡಿದವರ ಮನೆಗೇ ವಾಪಸು ಬಂದು ಕೂತುಬಿಡುತ್ತವೆ. ಅಂಥ ಒಂದು ಮಾತನ್ನು ನಾನು 2003ರ ಆಷಾಢದ ಹುಣ್ಣಿಮೆಯ ರಾತ್ರಿ ಆಡಿದೆ. ಅದು ಹದಿನೆಂಟು, ಇಪ್ಪತ್ತು ವರ್ಷ ಎಲ್ಲೆಲ್ಲೋ ಅಲೆದು ನನ್ನನ್ನೇ ಹುಡುಕಿಕೊಂಡು ಬಂತು. ಈಗ ಅದನ್ನು ಬರೆದು ಹಗುರಾಗೋಣ ಎನ್ನಿಸುತ್ತಿದೆ.

ಆಗ ನಾನು ಚಳ್ಳಕೆರೆಯಲ್ಲಿ ಮನೆ ಮಾಡಿಕೊಂಡು ನನ್ನಿವಾಳದ ಕಡೆಯ ಒಂದು ಹಟ್ಟಿಯ ಶಾಲೆಗೆ ದಿನವೂ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ನನ್ನಿವಾಳ ಎಂದರೆ ನಮ್ಮ ಕಡೆಯವರಿಗೆ ಬರೀ ಊರಿನ ಹೆಸರಲ್ಲ. ಮ್ಯಾಸನಾಯಕರ ಕಟ್ಟೆಮನೆಗಳಲ್ಲಿ ಅದೂ ಒಂದು. ಸುತ್ತಲ ಹಟ್ಟಿಗಳ ನ್ಯಾಯ, ದೇವರು, ನೇಮ ಎಲ್ಲ ಆ ಕಟ್ಟೆಮನೆಯ ಮಾತಿಗೆ ನಡೆಯುತ್ತವೆ. ಕೋಳಿ ತಿನ್ನದ, ಹೆಂಡ ಮುಟ್ಟದ ಜನ. ದೇವರ ಹೆಸರಿಗೆ ಬಿಟ್ಟ ದನಗಳ ಹಿಂಡು ಅವರ ಪಾಲಿಗೆ ದೇವರೇ. ಆ ಎತ್ತುಗಳ ಹೆಗಲಿಗೆ ಯಾರೂ ನೊಗ ಇಡುವುದಿಲ್ಲ. ಅವುಗಳನ್ನು ಕಾಯುವ ಕಿಲಾರಿಗಳು ಬಿಸಿಲು ಮಳೆ ಎನ್ನದೆ ಹಿಂಡಿನ ಹಿಂದೆಯೇ ಅಲೆಯುತ್ತಾರೆ. ಆಂಧ್ರದ ಗಡಿ ಹತ್ತಿರವಾದ್ದರಿಂದ ಹೆಂಗಸರ ಬಾಯಲ್ಲಿ ಕನ್ನಡ, ತೆಲುಗು ಎರಡೂ ಒಂದೇ ಉಸಿರಿನಲ್ಲಿ ಬರುತ್ತವೆ. ನಾನು ಮೊದಲ ವರ್ಷ ಅರ್ಥವಾಗದೆ ಪೆಚ್ಚಾಗಿ ನಗುತ್ತಿದ್ದೆ.

ಅದು ಬರದ ಮೂರನೆಯ ವರ್ಷ. 2001ರಲ್ಲಿ ಶುರುವಾದದ್ದು 2002ರಲ್ಲಿ ಬಿಡಲಿಲ್ಲ, 2003ರಲ್ಲೂ ಮೋಡ ಬಂದು ಮುಖ ತೋರಿಸಿ ಹೋಗುತ್ತಿತ್ತು. ನಮ್ಮ ತಾಲ್ಲೂಕಿನಲ್ಲಿ ಒಳ್ಳೆಯ ವರ್ಷವೆಂದರೂ ಐನೂರು ಮಿಲಿಮೀಟರ್ ಮಳೆ ಆಗುವುದು ಕಷ್ಟ. ಆ ಅಷ್ಟನ್ನೇ ನಂಬಿ ಜನ ಶೇಂಗಾ ಬಿತ್ತುತ್ತಾರೆ. ಎಣ್ಣೆ ಗಿರಣಿಗಳ ದೆಸೆಯಿಂದ ಚಳ್ಳಕೆರೆಗೆ ಎರಡನೇ ಬೊಂಬಾಯಿ ಎಂಬ ಹೆಸರು ಬಂದದ್ದು ಆ ಶೇಂಗಾದಿಂದಲೇ. ಮಳೆ ಕೈಕೊಟ್ಟಾಗ ಬೊಂಬಾಯಿಯೂ ಇಲ್ಲ, ಬೊಗಸೆ ಕಾಳೂ ಇಲ್ಲ.

ಬರದ ಸಂಕಟ ನಿಮಗೆ ಗೊತ್ತಿರಬೇಕು ಎಂದೇನಿಲ್ಲ. ಪಟ್ಟಣದಲ್ಲಿ ನಮಗೆ ಬರವೆಂದರೆ ನಲ್ಲಿ ಮೂರು ದಿನಕ್ಕೊಮ್ಮೆ ಬರುವುದು, ತರಕಾರಿ ತುಟ್ಟಿಯಾಗುವುದು. ಹಟ್ಟಿಯಲ್ಲಿ ಅದು ಬೇರೆ. ಪ್ರವಾಹ ಬಂದರೆ, ಭೂಕಂಪವಾದರೆ ಎಲ್ಲರ ಮನೆಯೂ ಒಂದೇ ದಿನ ಬೀಳುತ್ತದೆ. ಎಲ್ಲರೂ ಒಟ್ಟಿಗೆ ಅಳುತ್ತಾರೆ, ಪತ್ರಿಕೆಯವರು ಬರುತ್ತಾರೆ, ಬಟ್ಟೆ ಕಂಬಳಿ ಬರುತ್ತವೆ. ಬರ ಹಾಗಲ್ಲ. ಅದು ಒಂದೊಂದೇ ಮನೆಯ ಬಾಗಿಲು ತಟ್ಟುತ್ತದೆ. ಇವತ್ತು ಇವರ ಕುರಿ ಮಾರಿಹೋಯಿತು, ನಾಳೆ ಅವರ ಓಲೆ ಗಿರವಿಗೆ ಹೋಯಿತು. ಇನ್ನೂ ಬೆಳಕು ಹರಿಯುವ ಮುಂಚೆ ಗಂಟು ಕಟ್ಟಿಕೊಂಡು, ಯಾರಿಗೂ ಹೇಳದೆ, ನಾಚಿಕೆಯಿಂದ ಮೊದಲ ಬಸ್ಸು ಹಿಡಿದು ಬೆಂಗಳೂರಿಗೋ ಕಾಫಿ ತೋಟಕ್ಕೋ ಹೋಗುತ್ತಾರೆ. ಆ ವರ್ಷ ನನ್ನ ಹಾಜರಿ ಪುಸ್ತಕದಲ್ಲಿ ಹೆಸರುಗಳಿದ್ದವು, ಮಕ್ಕಳಿರಲಿಲ್ಲ. 'ಎಲ್ಲೋ ನಿಮ್ಮ ಪಕ್ಕದವನು?' ಎಂದರೆ ಉಳಿದ ಹುಡುಗ ನೆಲ ನೋಡುತ್ತಿದ್ದ. ಬರವೆನ್ನುವುದು ಹೊಟ್ಟೆಯನ್ನು ಸುಡುವುದಕ್ಕೆ ಮೊದಲು ಊರನ್ನು ಚೆದುರಿಸುತ್ತದೆ ಎಂಬುದು ನನಗೆ ಗೊತ್ತಾದದ್ದು ಆ ಹಾಜರಿ ಪುಸ್ತಕದಿಂದ.

ಆಷಾಢದ ಹುಣ್ಣಿಮೆಗೆ ಹಟ್ಟಿಯಲ್ಲಿ ತಿಂಗಳಮಾವನ ಪೂಜೆ ಇಟ್ಟುಕೊಂಡಿದ್ದರು. ಮಳೆ ಬಾರದ ವರ್ಷ ಹೆಂಗಸರೆಲ್ಲ ಸೇರಿ ಚಂದ್ರನಿಗೆ ಮಾಡುವ ಪೂಜೆ ಅದು. ಸಾರಿಸಿದ ನೆಲದ ಮೇಲೆ ರಂಗೋಲಿಯಲ್ಲಿ ಚಂದ್ರನನ್ನು ಬರೆದು, ಮನೆಮನೆಯಿಂದ ಎಡೆ ತಂದು, ಸುತ್ತಲೂ ಕೋಲು ಹುಯ್ಯುತ್ತಾರೆ. ಅಡುಗೆ ಸಹಾಯಕ್ಕೆ ಬರುತ್ತಿದ್ದ ಹೆಂಗಸು 'ಒಂದು ರಾತ್ರಿ ನಮ್ಮನ್ಯಾಗೆ ಇದ್ದು ನೋಡ್ರಿ ಮೇಷ್ಟ್ರಮ್ಮ' ಎಂದು ಕರೆದಳು. ಉಳಿದೆ.

ಬೆಳದಿಂಗಳು ಹಾಲಿನಂತೆ ಬಿದ್ದಿತ್ತು. ಹೆಂಗಸರು ಎರಡೆರಡು ಕೋಲು ಹಿಡಿದು ದುಂಡಗೆ ನಿಂತಿದ್ದರು. ಅವರಲ್ಲಿ ಒಬ್ಬ ಮುದುಕಿಯನ್ನು ನೋಡಿ ನನ್ನ ಮೈ ಜುಮ್ಮೆಂದಿತು. ಎರಡು ತಿಂಗಳ ಹಿಂದೆ ಆಕೆಯ ಮಗ ಕೊಳವೆಬಾವಿಯ ಸಾಲಕ್ಕೆ ಜೀವ ಕಳೆದುಕೊಂಡಿದ್ದ. ಎರಡು ಬಾವಿ ಕೊರೆಸಿ, ಎರಡರಲ್ಲೂ ಬರೀ ದೂಳು ಬಂದಿತ್ತು. ಅವನ ಮಗಳು ನನ್ನ ಮೂರನೇ ತರಗತಿಯಲ್ಲಿದ್ದಳು. ವರ್ಷ ತುಂಬದ ಸಾವಿನ ಮನೆಯವರು ಹಬ್ಬದ ದಿನ ಒಲೆಯ ಮೇಲೆ ಬಾಣಲೆ ಇಡುವುದಿಲ್ಲ. ನಾವೆಲ್ಲ ಹಾಗೆ ಬೆಳೆದವರು. ಈಕೆ ಕೋಲು ಹಿಡಿದು ನಿಂತಿದ್ದಾಳೆ!

ಆ ವರ್ಷ ನನ್ನ ಮನಸ್ಸೂ ಸರಿಯಿರಲಿಲ್ಲ ಎಂದು ಹೇಳಿಕೊಳ್ಳಬೇಕು. ಹಿಂದಿನ ದೀಪಾವಳಿಗೆ ನನ್ನ ಒಬ್ಬಳೇ ತಂಗಿ ಬಾಣಂತಿಯಾಗಿ ತೀರಿಕೊಂಡಿದ್ದಳು. ನಾನು ಹೂ ಮುಡಿಯುವುದನ್ನು ಬಿಟ್ಟಿದ್ದೆ, ಯುಗಾದಿಗೆ ಬೇವು ಬೆಲ್ಲವನ್ನೂ ತಿಂದಿರಲಿಲ್ಲ. ಯಾರಾದರೂ ನನ್ನೆದುರು ಗಟ್ಟಿಯಾಗಿ ನಕ್ಕರೆ ನನ್ನ ತಂಗಿಗೆ ಅವಮಾನವಾದಂತೆ ಅನ್ನಿಸುತ್ತಿತ್ತು. ದುಃಖವನ್ನು ಹಾಗೆ ಬಿಗಿಯಾಗಿ ಹಿಡಿದುಕೊಳ್ಳುವುದೇ ಪ್ರೀತಿ ಎಂದು ತಿಳಿದಿದ್ದೆ. ಆ ಹೊತ್ತಿನ ಸಿಟ್ಟಿಗೆ, ಹತ್ತಿರ ಹೋಗಿ ಕೇಳಿಯೇಬಿಟ್ಟೆ:

'ಏನಜ್ಜಿ, ಮಗ ಹೋಗಿ ವರ್ಷ ತುಂಬಿಲ್ಲ. ಕೋಲು ಹಿಡಿಯೋದಕ್ಕೆ ಕೈ ಹೇಗೆ ಬಂತು?'

ಸುತ್ತಲಿನ ಮಾತು ನಿಂತುಹೋಯಿತು. ಆಕೆ ಸಿಟ್ಟಾಗಲಿಲ್ಲ. ಕೋಲುಗಳನ್ನು ಒಮ್ಮೆ ನೋಡಿಕೊಂಡು ಹೇಳಿದಳು:

'ಕೈ ಎಲ್ಲಿ ಬಂತು ತಾಯಿ. ಇವ್ರೇ ಬಂದು ಎಬ್ಬಿಸ್ಕೊಂಡು ಬಂದ್ರು. ನಾನು ಬರದಿಲ್ಲ ಅಂದ್ರೆ ನನ್ನ ಎದುರಿಗೆ ನಿಂತೋಳ ಕೋಲು ಗಾಳಿಗೆ ಬೀಳ್ತೈತೆ. ಏನ್ ಮಾಡಾದು?'

ಅಷ್ಟೇ. ಹಾಡು ಎತ್ತಿದರು. ಆಕೆ ಕುಣಿಯಲು ಶುರು ಮಾಡಿದಳು. ಕುಣಿತ ಎಂದರೆ ನಾವು ವೇದಿಕೆಯ ಮೇಲೆ ನೋಡುವಂಥದ್ದಲ್ಲ. ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ, ತನ್ನ ಕೋಲಿಗೆ ತಾನೊಂದು ಏಟು, ಎದುರಿನ ಕೋಲಿಗೊಂದು ಏಟು, ಪಕ್ಕಕ್ಕೆ ಸರಿದು ಮತ್ತೊಬ್ಬಳ ಎದುರು. ಆಕೆಯ ಮುಖದಲ್ಲಿ ನಗು ಇರಲಿಲ್ಲ. ಒಂದು ಸಲ ಕೋಲು ಕೈಜಾರಿ ಬಿತ್ತು. ಎದುರಿನವಳು ಎತ್ತಿದ ಕೈಯನ್ನು ಹಾಗೇ ಹಿಡಿದು ನಿಂತಳು. ಹಾಡುವವಳು ಅದೇ ಸೊಲ್ಲನ್ನು ಎರಡು ಸಲ ಎಳೆದಳು. ಮುದುಕಿ ಬಗ್ಗಿ ಕೋಲು ತೆಗೆದುಕೊಂಡ ಮೇಲೆ ಕುಣಿತ ಮುಂದೆ ಹೋಯಿತು. ಯಾರೂ 'ಅಯ್ಯೋ ಪಾಪ' ಅನ್ನಲಿಲ್ಲ. ನನಗೆ ಮಾತ್ರ ಗಂಟಲು ಕಟ್ಟಿತು. ನಾನು ಆ ರಾತ್ರಿ ಅತ್ತೆ, ತಂಗಿ ಹೋದ ಮೇಲೆ ಮೊದಲ ಸಲ.

ಇದನ್ನು ಹೇಳಿ 'ನೋಡಿ, ಕುಣಿತ ಎಷ್ಟು ದೊಡ್ಡದು' ಎಂದು ಮುಗಿಸಿಬಿಡಬಹುದಿತ್ತು. ಆದರೆ ಅಷ್ಟು ಸುಲಭಕ್ಕೆ ನನ್ನ ಮನಸ್ಸು ಒಪ್ಪಲಿಲ್ಲ. ನಾನು ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವಳು. ಚಂದ್ರನಿಗೆ ಎಡೆಯಿಟ್ಟರೆ ಮಳೆ ಬರುವುದಿಲ್ಲ, ಆ ಪೂಜೆಯಾದ ವಾರವೂ ಬರಲಿಲ್ಲ. ಹಾಗಾದರೆ ಉಣ್ಣಲು ಇಲ್ಲದ ಊರಿನಲ್ಲಿ ಕುಣಿಯುವುದು ಸರಿಯೇ? ಸಾವಿನ ಮನೆಯವಳನ್ನು ಎಬ್ಬಿಸಿ ತರುವುದು ಸರಿಯೇ? ಅದು ದುಃಖವನ್ನು ಮರೆಸುವುದೋ, ಮರೆಮಾಚುವುದೋ? ಬಹಳ ದಿನ ಈ ಪ್ರಶ್ನೆಗಳನ್ನು ತಲೆಯಲ್ಲಿಟ್ಟುಕೊಂಡು ಬಸ್ಸಿನಲ್ಲಿ ಓಡಾಡಿದೆ.

ಆ ಹಾದಿಯಲ್ಲಿ ನನಗೆ ವಾದಕ್ಕೆ ಸಿಕ್ಕವನು ಅಶೋಕ ಚಕ್ರವರ್ತಿ! ನಗಬೇಡಿ. ನಮ್ಮ ಪಕ್ಕದ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅವನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವುಗಳನ್ನು ಬೆಳಕಿಗೆ ತಂದರು. ತಂದೆತಾಯಿಯ ಮಾತು ಕೇಳು, ಪ್ರಾಣಿಗಳಲ್ಲಿ ದಯೆಯಿಡು, ಸತ್ಯ ನುಡಿ ಎನ್ನುವುದು ಆ ಬಂಡೆಗಳ ಬೋಧೆ. ಮಕ್ಕಳನ್ನು ಅಲ್ಲಿಗೆ ಪ್ರವಾಸ ಕರೆದುಕೊಂಡು ಹೋಗುವ ಮುಂಚೆ ಓದಿಕೊಳ್ಳೋಣವೆಂದು ಅವನ ಉಳಿದ ಶಾಸನಗಳನ್ನೂ ತಿರುವಿ ಹಾಕಿದೆ. ಆಂಧ್ರದ ಗುತ್ತಿ ಸಮೀಪದ ಎರ್ರಗುಡಿಯ ಬಂಡೆಗಳ ಮೇಲೂ ಕೊರೆದಿರುವ ಹದಿನಾಲ್ಕು ಶಾಸನಗಳಲ್ಲಿ ಒಂಬತ್ತನೆಯದು ಹೆಂಗಸರ ಸುದ್ದಿಗೇ ಬಂದಿದೆ. ಕಾಯಿಲೆ ಬಂದರೆ, ಮದುವೆಯಾದರೆ, ಮಗು ಹುಟ್ಟಿದರೆ, ಪ್ರಯಾಣ ಹೊರಟರೆ ಜನ ಏನೇನೋ ಶಾಸ್ತ್ರ ಮಾಡುತ್ತಾರೆ, ಅದರಲ್ಲೂ ಹೆಂಗಸರು ಮಾಡುವ ಶಾಸ್ತ್ರಗಳು ಬಹಳ, ಅವು ಕ್ಷುಲ್ಲಕ, ಅವುಗಳ ಫಲ ಅಲ್ಪ ಎಂಬುದು ದೊರೆಯ ಅಭಿಪ್ರಾಯ. ನಿಜವಾದ ಮಂಗಳಕಾರ್ಯ ಬೇರೆಯಿದೆ. ಆಳುಕಾಳುಗಳನ್ನು ಸರಿಯಾಗಿ ನೋಡಿಕೊಳ್ಳುವುದು, ಹಿರಿಯರನ್ನು ಗೌರವಿಸುವುದು, ಜೀವಿಗಳ ವಿಷಯದಲ್ಲಿ ಸಂಯಮ, ದಾನ. ಇದು ಅವನ ಮಾತಿನ ಸಾರ.

ಎರಡು ಸಾವಿರದ ಇನ್ನೂರು ವರ್ಷದ ಹಿಂದೆಯೇ ಗಂಡಸರು ನಮ್ಮ ಶಾಸ್ತ್ರಗಳ ಬಗ್ಗೆ ಹೀಗೆ ಗೊಣಗುತ್ತಿದ್ದರಲ್ಲ ಎಂದು ಮೊದಲು ನಗು ಬಂತು. ಆಮೇಲೆ ಯೋಚಿಸಿದೆ: ಅವನ ಪ್ರಶ್ನೆ ಸುಳ್ಳಲ್ಲ. ಫಲವೇನು ಎಂದು ಕೇಳುವ ಹಕ್ಕು ಎಲ್ಲರಿಗೂ ಇದೆ. ಸರಿ, ನಾನು ಆ ರಾತ್ರಿ ಕಣ್ಣಾರೆ ಕಂಡದ್ದನ್ನು ಅವನ ಮುಂದೆ ಲೆಕ್ಕ ಒಪ್ಪಿಸಿದರೆ ಹೇಗೆ?

ಪೂಜೆಗೆ ಮನೆಮನೆಯಿಂದ ಎಡೆ ತಂದರು ಎಂದೆನಲ್ಲ. ಯಾರ ಮನೆಯಿಂದ ಏನು ಬಂತು ಎಂದು ಯಾರೂ ನೋಡಲಿಲ್ಲ. ಮುದ್ದೆ, ಅನ್ನ, ಹುರುಳಿ ಸಾರು, ಒಂದೆರಡು ಹೋಳಿಗೆ, ಎಲ್ಲವನ್ನೂ ಒಟ್ಟಿಗೆ ಸುರಿದು ಬೆರೆಸಿದರು. ಖಾಲಿ ತಟ್ಟೆಯ ಮೇಲೆ ಬಟ್ಟೆ ಮುಚ್ಚಿಕೊಂಡು ಬಂದವರೂ ಇದ್ದರು ಎಂದು ಆಮೇಲೆ ತಿಳಿಯಿತು. ಕುಣಿತ ಮುಗಿದ ಮೇಲೆ ಎಲ್ಲರೂ ಒಂದೇ ಪಾತ್ರೆಯಿಂದ ತುತ್ತು ತಿಂದರು. ವಾರದಿಂದ ಸರಿಯಾಗಿ ಉಣ್ಣದ ಮಕ್ಕಳು ಹೊಟ್ಟೆ ತುಂಬ ಉಂಡವು, ಯಾರ ಮುಂದೆಯೂ ಕೈ ಚಾಚದೆ. ನಮ್ಮಲ್ಲಿ ದಾನ ಕೊಡುವವರಿಗೆ ಹೆಸರಿರುತ್ತದೆ, ತೆಗೆದುಕೊಳ್ಳುವವರಿಗೆ ನಾಚಿಕೆಯಿರುತ್ತದೆ. ಅಲ್ಲಿ ಎರಡೂ ಇರಲಿಲ್ಲ.

ಇನ್ನೊಂದು ಸಂಗತಿ. ಮುದುಕಿಯ ಎದುರಿಗೆ ಮೊದಲು ನಿಂತವಳು ಯಾರೆಂದು ನನ್ನನ್ನು ಕರೆದವಳು ಆಮೇಲೆ ಹೇಳಿದಳು. ಆಕೆಯ ಓರಗಿತ್ತಿ. ಹೊಲದ ಬದುವಿನ ಜಗಳದಿಂದ ಎರಡೂ ಮನೆಗೆ ಮಾತು ಬಿಟ್ಟು ಆರು ವರ್ಷವಾಗಿತ್ತು. ಮಗ ಸತ್ತಾಗಲೂ ಆ ಮನೆಯವರು ದೂರ ನಿಂತು ಮಣ್ಣು ಹಾಕಿ ಹೋಗಿದ್ದರಂತೆ. ಕೋಲಾಟದಲ್ಲಿ ಸಿಟ್ಟು ಎಲ್ಲಿಗೆ ಹೋಗಬೇಕು? ಸುತ್ತು ತಿರುಗುತ್ತಾ ಹೋದಂತೆ ಎಲ್ಲರೂ ಎಲ್ಲರ ಎದುರೂ ಬರಲೇಬೇಕು. ಬಂದಾಗ ಅವರ ಕೋಲಿಗೆ ನಿನ್ನ ಕೋಲು ತಾಕಲೇಬೇಕು, ಹದವಾಗಿ, ಬೆರಳಿಗೆ ಬೀಳದ ಹಾಗೆ. ಮಾರನೆಯ ವಾರದಿಂದ ಆ ಓರಗಿತ್ತಿಯ ಮನೆಯಿಂದ ಮುದುಕಿಯ ಮೊಮ್ಮಗಳ ಕೈಯಲ್ಲಿ ಒಂದು ಚೆಂಬು ಮಜ್ಜಿಗೆ ಹೋಗಲು ಶುರುವಾಯಿತು. ಆ ಹುಡುಗಿಯೇ ತರಗತಿಯಲ್ಲಿ ನನಗೆ ಹೇಳಿದಳು, ದೊಡ್ಡ ಸುದ್ದಿಯೆನ್ನುವಂತೆ.

ಅಶೋಕ ಹೇಳಿದ ಮಂಗಳವೂ ಇದೇ ಅಲ್ಲವೇ? ಅವನು ಬೇರೆ ಮಾಡಿ ಇಟ್ಟ ಎರಡು ಕೆಲಸಗಳು ಆ ಹಟ್ಟಿಯಲ್ಲಿ ಒಂದರ ಕೈ ಒಂದು ಹಿಡಿದುಕೊಂಡು ಬಂದಿದ್ದವು. 'ಓರಗಿತ್ತಿಗೆ ಮಜ್ಜಿಗೆ ಕೊಡು' ಎಂದು ಬಂಡೆಯ ಮೇಲೆ ಕೊರೆಸಿದ್ದರೆ ಆಕೆ ಕೊಡುತ್ತಿದ್ದಳೋ ಇಲ್ಲವೋ. ಎದುರಾ ಎದುರು ನಿಂತು ಒಂದು ರಾತ್ರಿ ಕೋಲು ಹಾಕಿದ ಮೇಲೆ ಕೊಟ್ಟಳು. ಕುಣಿತ ಮಳೆ ತರಲಿಲ್ಲ. ಮಳೆ ಬರುವ ತನಕ ಒಬ್ಬರಿಗೊಬ್ಬರು ಉಳಿದುಕೊಳ್ಳುವುದಕ್ಕೆ ದಾರಿ ಮಾಡಿತು.

ನಮ್ಮ ಸೀಮೆಗೆ ಬರ ಹೊಸದಲ್ಲ. 1876ರಿಂದ 78ರವರೆಗಿನ ಧಾತು ಈಶ್ವರ ಬರದ ಕಥೆಯನ್ನು ನಮ್ಮ ಅಜ್ಜಿಯರು ಅವರ ಅಜ್ಜಿಯರಿಂದ ಕೇಳಿದ್ದರು. ಬರಕ್ಕೆ ಮುಂಚಿನ 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ ಐವತ್ತು ಲಕ್ಷಕ್ಕೂ ಹೆಚ್ಚು ಜನರಿದ್ದರು. 1881ರಲ್ಲಿ ಎಣಿಸಿದಾಗ ಉಳಿದವರು ಸುಮಾರು 42 ಲಕ್ಷ. ಅಂಥದ್ದನ್ನು ದಾಟಿ ಬಂದ ಜನ ಏನನ್ನು ಹೊತ್ತುಕೊಂಡು ಬಂದರು? ಕಾಳು ಇರಲಿಲ್ಲ, ದನ ಇರಲಿಲ್ಲ. ಹೊತ್ತು ತರಲು ಭಾರವಿಲ್ಲದ್ದು ಹಾಡು ಮತ್ತು ಹೆಜ್ಜೆ. ನಮ್ಮ ತಾಲ್ಲೂಕಿನ ಯಲಗಟ್ಟದ ಗೊಲ್ಲರಹಟ್ಟಿಯ ಸಿರಿಯಜ್ಜಿಯ ಹೆಸರನ್ನು ನೀವು ಕೇಳಿರಬಹುದು. ಅಕ್ಷರ ಬಾರದ ಆ ತಾಯಿ ಸಾವಿರಾರು ಪದಗಳನ್ನು ನೆನಪಿನಲ್ಲಿಟ್ಟುಕೊಂಡಿದ್ದರು. ಕೃಷ್ಣಮೂರ್ತಿ ಹನೂರರು ಅವರ ಹಾಡುಗಳನ್ನು ಬರೆದುಕೊಂಡರು, ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ಕೊಟ್ಟಿತು. ಅಷ್ಟು ಪದಗಳನ್ನು ಒಬ್ಬಳೇ ಕೂತು ಯಾರೂ ಕಲಿಯುವುದಿಲ್ಲ. ಬೀಸುವಾಗ, ಸೋಬಾನೆಗೆ, ಕೋಲು ಹುಯ್ಯುವಾಗ, ಸತ್ತವರ ಮುಂದೆ ಕೂತಾಗ ಒಬ್ಬರ ಬಾಯಿಂದ ಒಬ್ಬರು ಕಲಿತದ್ದು. ಕಣಜ ಖಾಲಿಯಾದ ವರ್ಷವೂ ಆ ಕಣಜ ಖಾಲಿಯಾಗಲಿಲ್ಲ.

ದೂರದ ಒಂದು ಉದಾಹರಣೆಯನ್ನೂ ಹೇಳುತ್ತೇನೆ. 2011ರ ಮಾರ್ಚ್ 11ರಂದು ಜಪಾನಿನ ಈಶಾನ್ಯ ಕರಾವಳಿಯಲ್ಲಿ ಭೂಕಂಪವಾಗಿ, ಸಮುದ್ರ ಎದ್ದು ಬಂದು, ಹದಿನೆಂಟು ಸಾವಿರಕ್ಕೂ ಹೆಚ್ಚು ಜನ ಸತ್ತರು, ಕಾಣೆಯಾದರು. ಆ ವಸಂತದಲ್ಲಿ ಉಳಿದ ಜಪಾನಿನಲ್ಲಿ ಜನ ಸಂಯಮದ ಹೆಸರಿನಲ್ಲಿ ತಾವಾಗಿಯೇ ಹಬ್ಬಗಳನ್ನು ನಿಲ್ಲಿಸಿದರು, ಚೆರ್ರಿ ಹೂ ನೋಡಲು ಹೋಗುವ ಸಂಭ್ರಮವನ್ನೂ ಬೇಡವೆಂದರು. ಅದು ಒಳ್ಳೆಯ ಮನಸ್ಸೇ. ಆದರೆ ಮನೆಮಠ ಕಳೆದುಕೊಂಡ ಆ ಕರಾವಳಿಯ ಊರುಗಳಲ್ಲಿ ಜನ ಕೆಸರಿನಲ್ಲಿ ತಮ್ಮ ಕುಣಿತದ ಮುಖವಾಡಗಳನ್ನು, ನಗಾರಿಗಳನ್ನು ಹುಡುಕುತ್ತಿದ್ದರು. ಜಿಂಕೆಯ ಕೊಂಬು ಕಟ್ಟಿಕೊಂಡು ಕುಣಿಯುವ ಕುಣಿತ, ಹುಲಿಯ ಕುಣಿತ ಆ ಕಡೆ ಊರೂರಿಗೂ ಉಂಟು. ಸತ್ತವರ ಶಾಂತಿಗಾಗಿಯೂ ಅವನ್ನು ಕುಣಿಯುತ್ತಾರೆ. ಸಿಕ್ಕಷ್ಟು ಸಾಮಾನು ಜೋಡಿಸಿಕೊಂಡು, ಇಲ್ಲದ್ದನ್ನು ಬೇರೆ ಊರಿನಿಂದ ಎರವಲು ತಂದು ಅವರು ಮತ್ತೆ ಕುಣಿದರು. ಅದೇ ಜುಲೈಯಲ್ಲಿ ಸೆಂಡೈ ಪಟ್ಟಣದಲ್ಲಿ ಆ ಭಾಗದ ಆರು ದೊಡ್ಡ ಹಬ್ಬಗಳನ್ನು ಒಟ್ಟುಗೂಡಿಸಿ, ಸತ್ತವರ ನೆನಪಿಗೆಂದು ಮಾಡಿದರು.

ಇದನ್ನು ಓದಿದಾಗ ನನಗೆ ಮತ್ತೆ ನನ್ನ ಮಾತೇ ನೆನಪಾಯಿತು. ದೂರದಲ್ಲಿರುವವರಿಗೆ ಕುಣಿತ ಅಂದರೆ ಸಂಭ್ರಮ, ಅದಕ್ಕೇ ಅವರು ನಿಲ್ಲಿಸುತ್ತಾರೆ. ಕಳೆದುಕೊಂಡವರಿಗೆ ಅದು ಸಂಭ್ರಮವಲ್ಲ, ಸತ್ತವರೊಂದಿಗೆ ಉಳಿದಿರುವ ಲೇವಾದೇವಿ. ಮಗನಿಗೆ ಕೋಲು ಹಿಡಿಯಲು ಕಲಿಸಿದವಳೂ ಆ ಮುದುಕಿಯೇ ಇದ್ದಿರಬೇಕು. ಅವನ ಹೆಜ್ಜೆಯ ಜಾಗ ಆಕೆಗೆ ಗೊತ್ತಿತ್ತು. ನನಗೇನು ಗೊತ್ತಿತ್ತು?

ಹಾಗೆಂದು ಕುಣಿತಕ್ಕೆ ಬರೀ ಹಾರ ಹಾಕಿ ಮುಗಿಸಲಾರೆ. ಎರಡು ಮುಳ್ಳುಗಳು ನನ್ನನ್ನು ಇನ್ನೂ ಚುಚ್ಚುತ್ತವೆ.

ಒಂದು: ಕುಣಿತವನ್ನು ಬೇರೆಯವರು ಬಳಸಿಕೊಳ್ಳುವ ರೀತಿ. ಆ ಬರದ ವರ್ಷಗಳಲ್ಲೇ ಒಮ್ಮೆ ಒಂದು ಕಾರ್ಯಕ್ರಮಕ್ಕೆ ಹಟ್ಟಿಯ ಕೋಲಾಟದವರನ್ನು ಕರೆಸಿದರು. ಅವರನ್ನು ಬಿಸಿಲಲ್ಲಿ ಮೂರು ಗಂಟೆ ನಿಲ್ಲಿಸಿ, ಹತ್ತು ನಿಮಿಷ ಕುಣಿಸಿ, ಒಂದೊಂದು ಶಾಲು ಕೊಟ್ಟು ಕಳಿಸಿದರು. 'ನಮ್ಮ ಜನ ಕಷ್ಟದಲ್ಲೂ ಎಷ್ಟು ಲವಲವಿಕೆಯಿಂದ ಇದ್ದಾರೆ' ಎಂದು ಭಾಷಣದಲ್ಲಿ ಹೊಗಳಿದರು. ಆ ಜನ ಕೇಳಿದ್ದು ದನಗಳಿಗೆ ಮೇವು. ದೇವರ ಎತ್ತುಗಳು ಮೂಳೆ ಬಿಟ್ಟುಕೊಂಡು ನಿಂತಿದ್ದವು. ಬರ ಬಂದಾಗ ಗೋಶಾಲೆ ತೆರೆಯುತ್ತಾರೆ, ನಿಜ. ಅದಿಲ್ಲದ ದಿನಗಳಲ್ಲಿ ಅವು ಮೇಯುವ ಅಮೃತಮಹಲ್ ಕಾವಲಿನ ಹುಲ್ಲುಗಾವಲೂ ಮೊದಲಿನಷ್ಟು ಉಳಿದಿಲ್ಲ. 2009ರ ನಂತರ ಸುಮಾರು ಹತ್ತು ಸಾವಿರ ಎಕರೆ ದೊಡ್ಡ ದೊಡ್ಡ ವಿಜ್ಞಾನ ಸಂಸ್ಥೆಗಳಿಗೆ, ಬೇರೆ ಯೋಜನೆಗಳಿಗೆ ಹೋಯಿತು. ವಿಜ್ಞಾನ ಬೇಡವೆನ್ನುವವಳು ನಾನಲ್ಲ. ಆದರೆ ಹುಲ್ಲನ್ನು ತೆಗೆದುಕೊಂಡು ಹಾಡನ್ನು ಹೊಗಳುವುದು ಯಾವ ನ್ಯಾಯ? ಕುಣಿತ ನೊಂದವರು ತಮಗೆ ತಾವೇ ಕೊಟ್ಟುಕೊಳ್ಳುವ ಮದ್ದು. ಅದನ್ನು ತೋರಿಸಿ 'ಇವರಿಗೆ ಇನ್ನೇನೂ ಬೇಡ' ಎಂದು ಹೇಳುವ ಅಧಿಕಾರ ಹೊರಗಿನವರಿಗಿಲ್ಲ.

ಎರಡನೆಯದು ನಮಗೆ, ಹೆಂಗಸರಿಗೆ, ಹೆಚ್ಚು ಹತ್ತಿರದ್ದು. ವೃತ್ತಕ್ಕೆ ಒಂದು ಒಳಗು ಇದ್ದಂತೆ ಒಂದು ಹೊರಗೂ ಇರುತ್ತದೆ. ಅದೇ ಹುಣ್ಣಿಮೆಯ ರಾತ್ರಿ, ಬೆಳಕು ಸರಿಯಾಗಿ ಬೀಳದ ಒಂದು ಮೂಲೆಯಲ್ಲಿ, ಬೇವಿನ ಮರದ ಕೆಳಗೆ ಇಬ್ಬರು ಹುಡುಗಿಯರು ನಿಂತು ನೋಡುತ್ತಿದ್ದರು. 'ಅವ್ರು ಮುಟ್ಟಂಗಿಲ್ಲ' ಎಂದು ಒಬ್ಬಳು ಪಿಸುಗುಟ್ಟಿದಳು. ಅಷ್ಟರಿಂದ ನಿಮಗೆ ಅರ್ಥವಾಗುತ್ತದೆ. ನಮ್ಮ ಸೀಮೆಯ ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದವರನ್ನು, ಬಾಣಂತಿಯರನ್ನು ಊರ ಹೊರಗಿನ ಗುಡಿಸಲಲ್ಲಿ ಇರಿಸುವ ಪದ್ಧತಿ ಪೂರ್ತಿ ಹೋಗಿಲ್ಲ. 2023ರ ಜುಲೈಯಲ್ಲಿ ತುಮಕೂರು ತಾಲ್ಲೂಕಿನ ಒಂದು ಗೊಲ್ಲರಹಟ್ಟಿಯಲ್ಲಿ ಮಳೆಚಳಿಯಲ್ಲಿ ಹಾಗೆ ಹೊರಗಿಟ್ಟಿದ್ದ ಬಾಣಂತಿಯ ಹಸುಗೂಸು ಸತ್ತುಹೋಯಿತು. ಅದನ್ನು ಪತ್ರಿಕೆಯಲ್ಲಿ ಓದಿದ ದಿನ ನನಗೆ ನನ್ನ ತಂಗಿ, ಆ ಬೇವಿನ ಮರ ಎರಡೂ ಒಟ್ಟಿಗೆ ನೆನಪಾದವು. ಊರನ್ನು ಒಟ್ಟುಗೂಡಿಸುವ ಕುಣಿತವೇ ಊರಿನ ಅರ್ಧ ಜನರಲ್ಲಿ ಕೆಲವರಿಗೆ ತಿಂಗಳಲ್ಲಿ ಕೆಲವು ದಿನ ಜಾಗವಿಲ್ಲ ಎನ್ನುವುದಾದರೆ, ಅದು ಇನ್ನೂ ಪೂರ್ತಿ ಕುಣಿತವಾಗಿಲ್ಲ. ಎದುರಿನ ಕೋಲು ಗಾಳಿಗೆ ಬೀಳಬಾರದು ಎಂದು ಸಾವಿನ ಮನೆಯ ಬಾಗಿಲು ತಟ್ಟಿದ ಜನ, ಆ ಹುಡುಗಿಯರ ಗುಡಿಸಲಿನ ಬಾಗಿಲನ್ನೂ ತಟ್ಟಬಾರದೇಕೆ? ಸಾವಿನ ಸೂತಕವನ್ನು ದಾಟಿದವರಿಗೆ ಇದು ದಾಟಲಾಗದ ಗೆರೆಯೇನಲ್ಲ. ಮುದುಕಿಗಾಗಿ ಒಂದು ಸಂಪ್ರದಾಯ ಸಡಿಲಿಸಿದವರೂ ಇದೇ ಹೆಂಗಸರು. ಅದಕ್ಕೇ ನನಗೆ ಆಸೆಯಿದೆ.

ಇನ್ನು ನನ್ನ ಮಾತು ನನ್ನ ಮನೆಗೆ ಬಂದ ಬಗೆ. 2021ರ ಮೇ ತಿಂಗಳಲ್ಲಿ, ಕೊರೊನಾದ ಎರಡನೆಯ ಅಲೆಯಲ್ಲಿ ನನ್ನ ಯಜಮಾನರು ಹೋದರು. ಎಂಟು ದಿನದಲ್ಲಿ ಎಲ್ಲ ಮುಗಿಯಿತು. ಮುಖ ನೋಡಲಿಲ್ಲ, ಯಾರೂ ಬಂದು ತಬ್ಬಿಕೊಂಡು ಅಳಲಿಲ್ಲ, ಹನ್ನೊಂದನೆಯ ದಿನ ಮಗನೂ ನಾನೂ ಇಬ್ಬರೇ ಕೂತಿದ್ದೆವು. ನಮ್ಮ ಬೀದಿಯಲ್ಲಿ ಇನ್ನೂ ಮೂರು ಮನೆಗಳಲ್ಲಿ ಹೀಗೇ ಆಯಿತು. ಬರ ಹಟ್ಟಿಯನ್ನು ಚೆದುರಿಸಿದ ಹಾಗೆ ಈ ರೋಗ ನಮ್ಮ ಬೀದಿಯನ್ನು ಬಾಗಿಲುಗಳ ಹಿಂದೆ ಚೆದುರಿಸಿತು. ರೋಗ ಹೋದ ಮೇಲೂ ಬಾಗಿಲುಗಳು ತೆರೆಯಲಿಲ್ಲ. ಎದುರಿಗೆ ಸಿಕ್ಕರೆ ಏನು ಮಾತಾಡುವುದು ಎಂದು ತಿಳಿಯದೆ ನಾವು ನಾಲ್ಕು ಮನೆಯವರೂ ತಲೆ ತಗ್ಗಿಸಿ ಓಡಾಡುತ್ತಿದ್ದೆವು.

2022ರಲ್ಲಿ ನಮ್ಮ ಸೀಮೆ ಕಂಡರಿಯದ ಮಳೆ ಬಂತು. 1907ರಲ್ಲಿ ಕಟ್ಟಿದ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಸಲ ಸೆಪ್ಟೆಂಬರಿನಲ್ಲಿ ಕೋಡಿ ಬಿತ್ತು. ವೇದಾವತಿ ಹರಿಯುವುದನ್ನು ನೋಡಲು ಜನ ಜಾತ್ರೆಯಂತೆ ಹೋದರು. ಆ ದಸರೆಯಲ್ಲಿ ನಮ್ಮ ಬೀದಿಯ ಹೆಣ್ಣುಮಕ್ಕಳು ಕೋಲಾಟ ಕಲಿಯಬೇಕೆಂದು ಹೊರಟರು. ಒಂದು ಸಂಜೆ ಪಕ್ಕದ ಮನೆಯ ಸೊಸೆ ಬಂದು, 'ಆಂಟಿ, ನಿಮಗೆ ಹಳ್ಳಿಯ ಪದಗಳು ಬರುತ್ತವಂತೆ, ಒಬ್ಬರು ಕಡಿಮೆ ಬಿದ್ದಿದ್ದೇವೆ' ಎಂದಳು. ನಾನು ಇಲ್ಲಮ್ಮ ಎಂದೆ. ಅವಳು ಹೋದಳು. ಮತ್ತೆ ಮಾರನೆಯ ದಿನ ಬಂದಳು. ಒತ್ತಾಯ ಮಾಡಲಿಲ್ಲ, ಎರಡು ಕೋಲುಗಳನ್ನು ಬಾಗಿಲ ಸಂದಿಯಲ್ಲಿಟ್ಟು 'ಇರಲಿ ಬಿಡಿ' ಎಂದು ಹೋದಳು.

ಮೂರನೆಯ ದಿನ ಹೋದೆ. ಬಿಳಿಚಿದ ಸೀರೆ, ಬರಿ ಹಣೆ. ವೃತ್ತಕ್ಕೆ ಕಾಲಿಡುವಾಗ ಹಿಂದಿನಿಂದ ಒಂದು ದನಿ ಕೇಳಿಸಿತು: 'ಗಂಡ ಹೋಗಿ ಎರಡು ವರ್ಷ ಆಗಿಲ್ಲ, ಹೇಗೆ ಮನಸ್ಸು ಬಂತೋ.'

ತಿರುಗಿ ನೋಡಲಿಲ್ಲ. ಆ ದನಿ ನನ್ನದೇ ಎಂದು ನನಗೆ ಗೊತ್ತಿತ್ತು. ಹತ್ತೊಂಬತ್ತು ವರ್ಷದ ಹಿಂದೆ ನಾನು ಬಿಟ್ಟ ಮಾತು. ಕಾಲು ಒಂದು ಕ್ಷಣ ಹಿಂದಕ್ಕೆ ಎಳೆಯಿತು. ಎದುರಿಗೆ ನಿಂತಿದ್ದವಳು ಮೂರನೆಯ ಮನೆಯ ಹೆಂಗಸು. ಅವಳದೂ ಅದೇ ಮೇ ತಿಂಗಳು, ಅವಳದು ಮಗ. ಅವಳು ಕೋಲು ಎತ್ತಿ ಹಿಡಿದಿದ್ದಳು. ನಾನು ಹೊಡೆಯದಿದ್ದರೆ ಅದು ಗಾಳಿಗೆ ಬೀಳುತ್ತಿತ್ತು. ಹೊಡೆದೆ.

ನನ್ನ ದುಃಖ ಹೋಯಿತೆಂದು ಸುಳ್ಳು ಹೇಳಲಾರೆ. ಮನೆಗೆ ಬಂದರೆ ಅದು ಅಲ್ಲೇ, ಅವರ ಕುರ್ಚಿಯಲ್ಲೇ ಕೂತಿತ್ತು. ಆದರೆ ಮಾರನೆಯ ದಿನ ಬೆಳಿಗ್ಗೆ ಹಾಲು ತರುವಾಗ ಮೂರನೆಯ ಮನೆಯವಳು ನಿಂತು ಮಾತಾಡಿಸಿದಳು. ತನ್ನ ಮಗನ ಹೆಸರು ಹೇಳಿ ಮಾತಾಡಿದಳು. ನಾನೂ ನಮ್ಮವರ ಹೆಸರು ಹೇಳಿ ಮಾತಾಡಿದೆ. ಒಂದೂವರೆ ವರ್ಷದಿಂದ ನಾವಿಬ್ಬರೂ ಆ ಹೆಸರುಗಳನ್ನು ಬೀದಿಯಲ್ಲಿ ಆಡಿರಲಿಲ್ಲ.

ಈಗ ನನ್ನ ಹಳೆಯ ಪ್ರಶ್ನೆಗೆ ಉತ್ತರ ಸಿಕ್ಕಿತೇ ಎಂದು ನೀವು ಕೇಳಬಹುದು. ನೊಂದವರು ಕುಣಿಯಬಹುದೇ, ಕುಣಿಯಬಾರದೇ? ಪ್ರಶ್ನೆಯನ್ನು ನಾನು ತಪ್ಪಾದವರಿಗೆ ಕೇಳಿದ್ದೆ ಎಂದು ಈಗ ಅನ್ನಿಸುತ್ತದೆ. ಅದನ್ನು ನೊಂದವರಿಗೆ ಕೇಳಬಾರದು. ಎದ್ದು ಬಾ ಎಂದು ಎಳೆಯಲೂಬಾರದು, ಬಂದವರನ್ನು ತೂಗಲೂಬಾರದು. ಉಳಿದವರು ತಮಗೆ ತಾವೇ ಕೇಳಿಕೊಳ್ಳಬೇಕು: ಅವರ ಜಾಗವನ್ನು ನಾವು ಬಿಟ್ಟಿದ್ದೇವೆಯೇ? ಅವರು ಕೋಲು ಬೀಳಿಸಿದರೆ ನಮ್ಮ ಹಾಡು ಒಂದು ಸೊಲ್ಲು ಕಾಯುತ್ತದೆಯೇ?

2023ರಲ್ಲಿ ಮತ್ತೆ ಬರ ಬಂತು. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಿದರು. ನಮ್ಮದು ಇದ್ದೇ ಇತ್ತು. ನಾನು ನಿವೃತ್ತಳಾಗಿ ವರ್ಷಗಳಾಗಿದ್ದರೂ ಒಂದು ದಿನ ಹಟ್ಟಿಗೆ ಹೋಗಿಬಂದೆ. ಮುದುಕಿ ತೀರಿಕೊಂಡು ಬಹಳ ಕಾಲವಾಗಿತ್ತು. ಮೂರನೇ ತರಗತಿಯ ಆ ಮೊಮ್ಮಗಳು ಈಗ ಎರಡು ಮಕ್ಕಳ ತಾಯಿ, ಅದೇ ಹಟ್ಟಿಗೆ ಸೊಸೆಯಾಗಿದ್ದಾಳೆ. ಮಜ್ಜಿಗೆ ಕೊಟ್ಟಳು. ಹೊರಡುವಾಗ, ಇಷ್ಟು ವರ್ಷದ ಮೇಲೆ, ಅವಳ ಅಜ್ಜಿಗೆ ನಾನು ಆಡಿದ ಮಾತನ್ನು ಹೇಳಿ ತಪ್ಪಾಯಿತಮ್ಮ ಎಂದೆ. ಅವಳಿಗೆ ಅದು ಗೊತ್ತೇ ಇರಲಿಲ್ಲ. 'ಅಜ್ಜಿ ಏನೂ ಅಂದಿಲ್ಲ ಮೇಷ್ಟ್ರಮ್ಮ. ಟೀಚರಮ್ಮ ಅವತ್ತು ರಾತ್ರಿ ನಮ್ಮ ಜೊತೆ ಕೂತು ಅತ್ರು ಅಂತ ಮಾತ್ರ ಹೇಳ್ತಿತ್ತು' ಎಂದಳು.

ಬಾಗಿಲ ಸಂದಿಯಲ್ಲಿ ಇಟ್ಟುಹೋದ ಆ ಎರಡು ಕೋಲುಗಳು ಈಗಲೂ ಅಲ್ಲೇ ಇವೆ. ಜೊತೆಗೆ ಇನ್ನೊಂದು ಜೋಡಿ ತಂದಿಟ್ಟಿದ್ದೇನೆ. ಯಾರಿಗೆ, ಯಾವಾಗ ಬೇಕಾಗುತ್ತದೋ ಗೊತ್ತಿಲ್ಲ.